ಲೆನೋರಾ ಬ್ರಿಗ್ಸ್‌ಳ ಹನ್ನೆರಡನೆಯ ನೋಟ್‌ಬುಕ್ಕು

“ಸತ್ಯ, ಅಲ್ಲೇ ನಿಂತ್ಕೊ! ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ನಿನ್ನ ಬೂಟ್ಸ್ ಕಿತ್ತು ಪಾರ್ಕಿಂಗ್ ಲಾಟಿಗೆ ಎಸೀತೀನಿ.”

ಅರವತ್ತೊಂದು ವರ್ಷದ ಮೈದುನನನ್ನು ಹೀಗೆ ಗದರುವ ಧೈರ್ಯ ಇಡೀ ಟೊರಾಂಟೋದಲ್ಲಿ ಒಬ್ಬರಿಗೇ ಇದೆ, ನಮ್ಮ ಪದ್ಮಾ ಅತ್ತಿಗೆಗೆ. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಸುಳ್ಳು ಕ್ಲೇಮು ಹಿಡಿದುಕೊಟ್ಟು, ರಿಟೈರಾದ ಮೇಲೆ ಲೈಸೆನ್ಸ್ ತೆಗೆದುಕೊಂಡು ಖಾಸಗಿ ಪತ್ತೇದಾರಿಕೆಗೆ ಇಳಿದ ಮೈಸೂರಿನ ಹೆಂಗಸು ಆಕೆ. ನಾನು ಸತ್ಯಪ್ರಕಾಶ್. ಆಕೆಯ ಡ್ರೈವರ್, ಗುಮಾಸ್ತ, ಮತ್ತು ದಿನಕ್ಕೆ ನಾಲ್ಕು ಸಲ ಬೈಸಿಕೊಳ್ಳುವವನು.

ವುಡ್‌ಬ್ರಿಡ್ಜಿನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ, ಟೈಲ್ಸ್ ಗೋಡೌನಿಗೂ ಟ್ರಕ್ ರಿಪೇರಿಯವನಿಗೂ ನಡುವೆ ಇರುವ ನಮ್ಮ ಕನ್ನಡ ಸಂಘದ ಬಾಡಿಗೆ ಹಾಲು ಅದು. ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ. ವೇದಿಕೆಯ ಮೇಲೆ ಗಾಜಿನ ಪೆಟ್ಟಿಗೆಯೊಂದು ಖಾಲಿ ನಿಂತಿತ್ತು. ಅಮೆರಿಕದ ರಂಗನಟಿ ಲೆನೋರಾ ಬ್ರಿಗ್ಸ್‌ಳ ಕೊನೆಯ ನೋಟ್‌ಬುಕ್ಕನ್ನು ಸೋಮವಾರ ಅದರಲ್ಲಿಟ್ಟು ಬೀಗ ಹಾಕಿದ್ದರು. ಮಂಗಳವಾರ ಹಾಲಿನ ಬಾಗಿಲು ಯಾರೂ ತೆಗೆಯಲಿಲ್ಲ. ಬುಧವಾರ ಮಧ್ಯಾಹ್ನ ನೋಡಿದರೆ ಇರಲಿಲ್ಲ.

ಅತ್ತಿಗೆ ವೇದಿಕೆಯ ಮೆಟ್ಟಿಲ ಬುಡದಲ್ಲಿ ಮಂಡಿಯೂರಿ ಕುಳಿತಿದ್ದರು.

“ಏನ್ ಕಾಣ್ಸುತ್ತೆ?”

“ಉಪ್ಪು,” ಎಂದೆ.

ಫೆಬ್ರವರಿಯಲ್ಲಿ ಹಿಮ ಕರಗಲೆಂದು ಈ ಊರಿನ ರಸ್ತೆಗಳಿಗೆ ಸುರಿಯುವಷ್ಟು ಉಪ್ಪನ್ನು ನಾವು ಜನ್ಮದಲ್ಲಿ ತಿಂದಿರುವುದಿಲ್ಲ. ಅದು ಬೂಟಿಗೆ ಅಂಟಿ ಒಳಗೆ ಬಂದು, ಒಣಗಿ, ಕಪ್ಪು ನೆಲದ ಮೇಲೆ ಬೆಳ್ಳಗೆ ಕೂರುತ್ತದೆ. ಇಲ್ಲಿ ಎರಡು ಬಗೆಯ ಗುರುತುಗಳಿದ್ದವು. ಒಂದು ಬೂಟಿನ ಹೆಜ್ಜೆ ಮೆಟ್ಟಿಲು ಹತ್ತಿ ಪೆಟ್ಟಿಗೆಯವರೆಗೆ ಹೋಗಿ ವಾಪಸು ಬಂದಿತ್ತು. ಇನ್ನೊಂದು ಮೆಟ್ಟಿಲ ಬುಡದಲ್ಲೇ ನಿಂತಿತ್ತು. ಯಾರೋ ಬೂಟುಗಳನ್ನು ಬಿಚ್ಚಿ, ಗೋಡೆಗೆ ಒತ್ತಿ, ಜೋಡಿಸಿಟ್ಟ ಹಾಗೆ.

“ಮೇಲೆ ಹೋಗಿರೋದು ನಂದು ಮೇಡಂ,” ಎಂದ ಹರ್ಷವರ್ಧನ್. ಸಂಘದ ಅಧ್ಯಕ್ಷ, ಬೆಂಗಳೂರಿನವನು, ಸಾಫ್ಟ್‌ವೇರಿನಲ್ಲಿ ದೊಡ್ಡ ಕೆಲಸ. “ಬುಧವಾರ ಬಂದಾಗ ಪೆಟ್ಟಿಗೆ ಖಾಲಿ ಇತ್ತಲ್ಲ, ಆಕ್ಚುಲಿ ಪ್ಯಾನಿಕ್ ಆಗ್ಬಿಟ್ಟೆ. ಓಡಿ ಹೋಗಿ ನೋಡ್ದೆ.”

“ಪೆಟ್ಟಿಗೆ ಕೀ ಎಲ್ಲಿರುತ್ತೆ?”

“ಆಫೀಸ್ ರೂಮಲ್ಲಿ, ಮೊಳೆ ಮೇಲೆ. ಬಾಗಿಲಿನ ಕೋಡೂ ನಾಟಕದ ಟೀಮಿಗೆಲ್ಲ ಗೊತ್ತು.”

“ಭೇಷ್. ಬೀಗ ಯಾಕೆ ಹಾಕಿದ್ರಿ, ಅಲಂಕಾರಕ್ಕಾ?”

ಹರ್ಷವರ್ಧನ್ ಕಾಫಿ ಲೋಟದೊಳಗೆ ಮುಖ ಇಟ್ಟ.

ಅತ್ತಿಗೆ ಎದ್ದು ಮಂಡಿ ಒರೆಸಿಕೊಂಡರು. “ನೋಡು ಸತ್ಯ, ನಾವು ಮನೇಲಿ ಬೂಟ್ಸ್ ಬಿಚ್ತೀವಿ, ದೇವಸ್ಥಾನದಲ್ಲಿ ಬಿಚ್ತೀವಿ. ಈ ಹಾಲಲ್ಲಿ ಯಾರು ಬಿಚ್ತಾರೆ? ರಾಜ್ಯೋತ್ಸವದಲ್ಲಿ ಭಾಷಣ ಮಾಡೋರೂ ಬೂಟ್ಸ್ ಹಾಕ್ಕೊಂಡೇ ಹತ್ತಿದ್ರು. ಕದಿಯೋಕೆ ಬಂದೋನು ಅವಸರದಲ್ಲೂ ಬಿಚ್ಚಿದಾನೆ ಅಂದ್ರೆ, ಅವನಿಗೆ ಇದು ಬರೀ ಹಲಗೆ ಅಲ್ಲ.”

ಅಂಥವರು ನಾಟಕದ ತಂಡದಲ್ಲಿ ಇಬ್ಬರೇ. ಒಬ್ಬರು ಯಕ್ಷಗಾನದ ಹಿರಿಯ ಕಲಾವಿದ, ತುಳುನಾಡಿನ ದೇರಣ್ಣ. ಇನ್ನೊಬ್ಬಳು ಅವರ ಶಿಷ್ಯೆ ಕೃತಿ. ರಂಗಕ್ಕೆ ಬರಿಗಾಲಲ್ಲೇ ಹತ್ತಬೇಕು, ಹತ್ತುವ ಮುಂಚೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಆಕೆಗೆ ಎಂಟನೇ ವಯಸ್ಸಿನಿಂದ ಕಲಿಸಿದವರು ಅವರೇ.

ಕೃತಿ ಅಲ್ಲೇ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಿದ್ದಳು. ಇಪ್ಪತ್ನಾಲ್ಕು ವರ್ಷ, ಇಲ್ಲೇ ಹುಟ್ಟಿದವಳು. ಎರಡು ರಾತ್ರಿ ನಿದ್ದೆ ಕಂಡಿಲ್ಲವೆಂದು ಮುಖ ಹೇಳುತ್ತಿತ್ತು. ಲೆನೋರಾಳ ಬದುಕನ್ನು ನಾಟಕ ಮಾಡಿದವಳು ಅವಳು, ಲೆನೋರಾ ಆಗಿ ಅಭಿನಯಿಸುವವಳೂ ಅವಳೇ. ಮರುದಿನ ಶನಿವಾರ ಎರಡು ಗಂಟೆಗೆ ಮೊದಲ ಪ್ರದರ್ಶನ. ಡೌನ್‌ಟೌನಿನ ನಾಟಕ ಮಂಡಳಿಯೊಂದರ ನಿರ್ದೇಶಕಿ ಇವಳನ್ನು ನೋಡಲೆಂದೇ ಬರುವವಳಿದ್ದಳು.

ಆದರೆ ನೋಟ್‌ಬುಕ್ಕನ್ನು ಕೈಯಾರೆ ಸಹಿ ಹಾಕಿ ತಂದವಳೂ ಕೃತಿಯೇ. ಅದನ್ನು ಕೊಟ್ಟವರು ಕ್ಲೈನ್‌ಬರ್ಗಿನ ಡೊರತಿ ಪೆಲ್, ತೊಂಬತ್ತೊಂದು ವರ್ಷದ ಮುದುಕಿ, ಒಂದು ಕಾಲದಲ್ಲಿ ಲೆನೋರಾಳಿಗೆ ವೇಷಭೂಷಣ ತೊಡಿಸುತ್ತಿದ್ದವರು. ಆಕೆಯ ಸೋದರಳಿಯ ಗ್ಲೆನ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಶುಕ್ರವಾರ ಸಂಜೆ ಐದರೊಳಗೆ ಪುಸ್ತಕ ಬರದಿದ್ದರೆ ಕೃತಿಯ ಮೇಲೆ ಪೊಲೀಸ್ ದೂರು. ನಮಗೆ ಉಳಿದಿದ್ದು ಎಂಟು ಗಂಟೆ.

“ಐ ಡಿಡಂಟ್ ಟೇಕ್ ಇಟ್, ಆಂಟಿ,” ಎಂದಳು ಕೃತಿ. “ನಾನ್ಯಾಕೆ ತಗೊಳ್ಳಿ? ಕೇಳಿದ್ರೆ ಡೊರತಿನೇ ಕೊಡ್ತಿದ್ರು.”

“ನೀನು ತಗೊಂಡೆ ಅಂತ ನಾನು ಹೇಳ್ಲಿಲ್ಲ ಪುಟ್ಟಿ. ಆ ಪುಸ್ತಕದಲ್ಲಿ ಏನಿತ್ತು?”

“ನಂಬರ್ಸ್. ಉಳಿದ ಹನ್ನೊಂದನ್ನ ಪೂರ್ತಿ ಓದಿದೀನಿ, ಈ ಹನ್ನೆರಡನೇದು ಮಾತ್ರ ಸೋಮವಾರ ಕೈಗೆ ಸಿಕ್ತು. ಎಡ ಏಳು, ನೇರ ನಾಲ್ಕು, ಬಲ ಎರಡು, ಹೀಗೇ. ನಿಟ್ಟಿಂಗ್ ಪ್ಯಾಟರ್ನ್ ಅನ್ಕೊಂಡ್ವಿ. ಫಸ್ಟ್ ಪೇಜ್ ಓಪನ್ ಮಾಡಿ ಇಟ್ವಿ, ಅಷ್ಟೆ.”

ಅತ್ತಿಗೆ ಹರ್ಷವರ್ಧನನ ಕಡೆ ತಿರುಗಿದರು. “ಬುಧವಾರ ಪೆಟ್ಟಿಗೆ ಹತ್ರ ಬೇರೇನಾದ್ರೂ ಇತ್ತಾ?”

“ಏನೂ ಇಲ್ಲ ಮೇಡಂ. ಒಂದು ವೀಳ್ಯದೆಲೆ, ಅಡಿಕೆ ಬಿದ್ದಿತ್ತು. ಯಾವ್ದೋ ಪೂಜೇದು ಇರ್ಬೇಕು ಅಂತ ಗಾರ್ಬೇಜಿಗೆ ಹಾಕ್ದೆ.”

ಅತ್ತಿಗೆ ಕಣ್ಣು ಮುಚ್ಚಿ, ಒಂದು ಸಲ ಉಸಿರೆಳೆದು, ತೆರೆದರು. ಇದು ಬಯ್ಗುಳಕ್ಕೆ ಮುಂಚಿನ ಮೌನವೆಂದು ನನಗೆ ಮೂವತ್ತು ವರ್ಷದಿಂದ ಗೊತ್ತು.

“ಈ ವಾರ ಇಲ್ಲಿ ಯಾವ ಪೂಜೆ ಇತ್ತಪ್ಪ?”

“ಈ ವಾರ ಇಲ್ಲ. ಹೋದ ಶನಿವಾರ ಒಂದು ಸೀಮಂತ ಇತ್ತು.”

“ಎಲೆ ಒಣಗಿತ್ತಾ?”

“ಇಲ್ಲ, ಫ್ರೆಶ್ಶಾಗೇ ಇತ್ತು. ತಮಿಳು ಪೇಪರಿನ ಚೂರಿನ ಮೇಲೆ ನೀಟಾಗಿ ಇಟ್ಟಿದ್ರು.” ಹೇಳುತ್ತಾ ಹೇಳುತ್ತಾ ಹರ್ಷವರ್ಧನನ ದನಿ ಸಣ್ಣಗಾಯಿತು. “ಕೃತಿನೂ ಇದ್ಲು ಆಗ.”

ಕೃತಿ ನೆಲ ನೋಡುತ್ತಿದ್ದಳು. “ಇಟ್ಸ್ ಪ್ರಾಬಬ್ಲಿ ನಥಿಂಗ್, ಆಂಟಿ,” ಎಂದಳು, ಯಾರೂ ಕೇಳದೆಯೇ.

ಅತ್ತಿಗೆ ಅವಳನ್ನು ಒಂದು ಕ್ಷಣ ನೋಡಿದರು. ಆಮೇಲೆ ಕೋಟು ಹಾಕಿಕೊಂಡು, “ಸತ್ಯ, ಕಾರ್ ಸ್ಟಾರ್ಟ್ ಮಾಡು. ಜೆರಾರ್ಡ್ ಸ್ಟ್ರೀಟಿಗೆ,” ಎಂದರು.

ಆ ಹುಡುಗಿಯನ್ನು ಅಲ್ಲಿ ಹಾಗೆ ಬಿಟ್ಟು ಹೋದದ್ದು ತಪ್ಪು. ಅದನ್ನು ಅತ್ತಿಗೆಯೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಆಗ ಮಾತ್ರ ಹೊಳೆಯಲಿಲ್ಲ.

*

“ನಮ್ಮ ಕಡೆ ಅಂಗಡಿಗಳಲ್ಲಿ ಎಲೆ ಪ್ಲಾಸ್ಟಿಕ್ ಪ್ಯಾಕೆಟ್ಟಲ್ಲಿ ಬರುತ್ತೆ,” ಎಂದರು ಅತ್ತಿಗೆ, ಹೈವೇ ಹತ್ತಿದ ಮೇಲೆ. “ಎಣಿಸಿ, ತಮಿಳು ಪೇಪರಲ್ಲಿ ಸುತ್ತಿ ಕೊಡೋಳು ನಂಗೆ ಗೊತ್ತಿರೋ ಹಾಗೆ ಒಬ್ಳೇ. ಜೆರಾರ್ಡಲ್ಲಿ, ಸೀರೆ ಅಂಗಡಿ ಪಕ್ಕ. ಫೋನ್ ಮಾಡಿದ್ರೆ ಅವಳು ಎತ್ತಲ್ಲ. ನೀನು ಓಡ್ಸು, ನಾನು ಓದ್ತೀನಿ.”

ಓದಿದ್ದು ಕೃತಿಯ ನಾಟಕದ ಹಸ್ತಪ್ರತಿ. ಟ್ರಾಫಿಕ್ಕು ನಿಂತಲ್ಲೆಲ್ಲ ಗಟ್ಟಿಯಾಗಿ ಓದಿದರು. ಅಲ್ಲಿಯವರೆಗೆ ನನಗೆ ಲೆನೋರಾ ಬ್ರಿಗ್ಸ್ ಎಂದರೆ ಒಂದು ಹೆಸರು ಮಾತ್ರ. ಜೆರಾರ್ಡ್ ತಲುಪುವ ಹೊತ್ತಿಗೆ ನಾನು ಆಕೆಯ ಭಕ್ತನಾಗಿದ್ದೆ, ಅದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಓಹಾಯೋದ ಗಿರಣಿ ಊರೊಂದರಲ್ಲಿ ಸಾವಿರದ ಒಂಬೈನೂರ ಒಂದರಲ್ಲಿ ಹುಟ್ಟಿದವಳು. ತಾಯಿ ನಾಟಕಶಾಲೆಯ ಬಟ್ಟೆ ಒಗೆಯುತ್ತಿದ್ದಳು, ಮಗಳು ಪರದೆಯ ಹಿಂದೆ ಇಸ್ತ್ರಿ ಮಾಡುತ್ತಿದ್ದಳು. ಇಸ್ತ್ರಿ ಮಾಡುತ್ತಾ ಮಾಡುತ್ತಾ ಇಡೀ ನಾಟಕ ಬಾಯಿಗೆ ಬಂದಿತ್ತು. ಹದಿನೈದನೇ ವಯಸ್ಸಿನಲ್ಲಿ ಒಂದು ದಿನ ನಾಯಕಿಗೆ ಜ್ವರ ಬಂತು. ಅವತ್ತು ತಾನೇ ಇಸ್ತ್ರಿ ಮಾಡಿದ ಗೌನನ್ನು ತಾನೇ ತೊಟ್ಟು ರಂಗಕ್ಕೆ ಹೋದಳು. ಅಲ್ಲಿಂದ ನಲವತ್ತಾರು ವರ್ಷ ಇಳಿಯಲಿಲ್ಲ.

ಸಿನಿಮಾದವರು ನ್ಯೂಯಾರ್ಕಿಗೆ ಬಂದು ಕರೆದರಂತೆ. “ಕ್ಯಾಮೆರಾ ಕೆಮ್ಮುವುದಿಲ್ಲ, ನಗುವುದಿಲ್ಲ, ಎದ್ದು ಹೋಗುವುದೂ ಇಲ್ಲ. ನಾನು ಯಾರ ಜೊತೆ ಮಾತಾಡಲಿ?” ಎಂದಳಂತೆ. ಮೂವತ್ತರ ದಶಕದಲ್ಲಿ ಥಿಯೇಟರುಗಳೇ ಮುಚ್ಚಿದಾಗ ಒಂಬತ್ತು ಜನರ ತಂಡ ಕಟ್ಟಿಕೊಂಡು, ರೈಲಿನಲ್ಲಿ ಸಣ್ಣ ಸಣ್ಣ ಊರು ಸುತ್ತಿದಳು. ಶಾಲೆಯ ಅಂಗಳ, ದನದ ಕೊಟ್ಟಿಗೆ, ಎಲ್ಲಿ ಜಾಗ ಕೊಟ್ಟರೆ ಅಲ್ಲಿ ಆಡಿದಳು. ಟಿಕೆಟ್ಟಿಗೆ ಬದಲು ಮೊಟ್ಟೆ ತಂದವರಿಗೂ ಮುಂದಿನ ಸಾಲಿನಲ್ಲಿ ಜಾಗವಿತ್ತು.

ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಗಂಟಲ ಆಪರೇಷನ್ನು. ಇನ್ನು ದನಿ ಬರುವುದಿಲ್ಲ ಎಂದರು ಡಾಕ್ಟರು. ಎಂಟು ತಿಂಗಳು ಕೆರೆಯ ದಡದಲ್ಲಿ ನಿಂತು, ಆಚೆ ದಡದ ನಾಯಿ ತಿರುಗಿ ನೋಡುವವರೆಗೆ ಕೂಗುವ ಅಭ್ಯಾಸ ಮಾಡಿದಳಂತೆ. ನಾಯಿ ತಿರುಗಿತು, ಇವಳು ರಂಗಕ್ಕೆ ವಾಪಸಾದಳು.

ಇಷ್ಟೆಲ್ಲಕ್ಕಿಂತ ನನ್ನನ್ನು ಹಿಡಿದದ್ದು ಆ ನೋಟ್‌ಬುಕ್ಕುಗಳು. ಪ್ರತಿ ಪ್ರದರ್ಶನ ಮುಗಿದ ಮೇಲೆ, ಬಣ್ಣ ತೆಗೆಯುವ ಮುಂಚೆ, ಅವತ್ತು ತಾನು ಮಾಡಿದ ತಪ್ಪೇನೆಂದು ಒಂದು ಸಾಲು ಬರೆಯುತ್ತಿದ್ದಳು. ಹೊಗಳಿಕೆ ಒಂದೂ ಇಲ್ಲ. ಹನ್ನೊಂದು ಪುಸ್ತಕದ ತುಂಬ ತಪ್ಪುಗಳು.

ಹಸ್ತಪ್ರತಿಯಲ್ಲಿ ಇಂಗ್ಲಿಷಿನಲ್ಲೇ ಇದ್ದ ಆ ಸಾಲುಗಳನ್ನು ಅತ್ತಿಗೆ ಕನ್ನಡ ಮಾಡಿ ಹೇಳಿದರು: “‘ಎರಡನೇ ಅಂಕ. ಬಾಗಿಲನ್ನು ಸಿಟ್ಟಿನಿಂದ ಮುಚ್ಚಿದೆ. ದುಃಖದಿಂದ ಮುಚ್ಚಬೇಕಿತ್ತು.’ ಇನ್ನೊಂದು ಕೇಳು. ‘ಇವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಪ್ಪು: ಅದಕ್ಕಾಗಿ ಕಾದೆ.’”

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಸಿಗ್ನಲ್ಲು ಹಸಿರಾಗಿ ಎಷ್ಟು ಹೊತ್ತಾಗಿತ್ತೋ.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಟೊರಾಂಟೋದಲ್ಲಿ ಕೊನೆಯ ಪ್ರದರ್ಶನ ಕೊಟ್ಟು, ಕಾರಣ ಹೇಳದೆ ರಂಗ ಬಿಟ್ಟಳು. ನ್ಯೂಯಾರ್ಕಿಗೆ ಹಿಂದಿರುಗಲಿಲ್ಲ. ಡೊರತಿಯ ಜೊತೆ ಕ್ಲೈನ್‌ಬರ್ಗಿನ ಸಣ್ಣ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು ಅಲ್ಲೇ ತೀರಿಕೊಂಡಳು. ಯಾಕೆ ಬಿಟ್ಟಳು ಎಂಬುದು ಕೃತಿಗೂ ಗೊತ್ತಿರಲಿಲ್ಲ. ಹಸ್ತಪ್ರತಿಯಲ್ಲಿ ಆ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇತ್ತು.

*

ಜೆರಾರ್ಡಿನ ಅಂಗಡಿಯ ತಮಿಳು ಹೆಂಗಸು ನಮ್ಮನ್ನು ನೋಡಿದ್ದೇ ಎಲೆಯ ಬುಟ್ಟಿ ಮುಂದೆ ತಳ್ಳಿದಳು. ಅತ್ತಿಗೆಯ ತಮಿಳು ಮತ್ತು ಅವಳ ಹಿಂದಿ ಸೇರಿ ಹೇಗೋ ಮಾತು ನಡೆಯಿತು.

ಹೌದು, ಮಂಗಳವಾರ ಒಬ್ಬರು ಬಂದಿದ್ದರು. ತುಳು ಅಂಕಲ್. ಇಪ್ಪತ್ತು ವರ್ಷದಿಂದ ಬರುತ್ತಾರೆ. ಯಾವಾಗಲೂ ಕಾರಿನಲ್ಲಿ ಬರುವವರು ಈ ಸಲ ಹಿಮ ಬೀಳುವಾಗ ಹಳಿಯ ಮೇಲೆ ಓಡುವ ಸ್ಟ್ರೀಟ್‌ಕಾರಿನಿಂದ ಇಳಿದರು. ಇಪ್ಪತ್ತು ವರ್ಷದಿಂದ ಹತ್ತಿದ ಮೆಟ್ಟಿಲು ತಪ್ಪಿ ಮಂಡಿ ತರಚಿಕೊಂಡರು.

“ಏನು ಕೇಳಿದ್ರು?”

“ಒಳ್ಳೇ ಎಲೆ ನೋಡಿ ಕೊಡಿ ಅಂದ್ರು. ಒಬ್ಬ ದೊಡ್ಡ ಕಲಾವಿದೆಗೆ ವೀಳ್ಯ ಇಡಬೇಕು ಅಂದ್ರು.”

ಅತ್ತಿಗೆ ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತರು. ವುಡ್‌ಬ್ರಿಡ್ಜಿನಿಂದ ಇಲ್ಲಿಗೆ ಬಸ್ಸು, ಸಬ್‌ವೇ, ಸ್ಟ್ರೀಟ್‌ಕಾರು ಎಂದರೆ ಹೋಗಿಬರಲು ಮೂರೂವರೆ ಗಂಟೆ. ಮನೆ ಮುಂದೆ ಕಾರು ಇಟ್ಟುಕೊಂಡು ಆ ಹಿಮದಲ್ಲಿ ಯಾರಾದರೂ ಹಾಗೆ ಬರುತ್ತಾರೆಯೇ?

“ದೇರಣ್ಣನವರು ರಿಹರ್ಸಲಿಗೆ ಯಾವಾಗ್ಲಿಂದ ಬಂದಿಲ್ಲ?” ಎಂದು ಕೇಳಿದರು.

“ಬುಧವಾರದಿಂದ. ಜ್ವರ ಅಂತ ಹೇಳಿ ಕಳ್ಸಿದಾರಂತೆ.”

“ನೋಡೋಣ ಬಾ, ಎಂಥ ಜ್ವರ ಅಂತ.”

*

ಬಾಗಿಲು ತೆರೆದವರು ದೇರಣ್ಣನವರ ಹೆಂಡತಿ ಕೊರಪ್ಪೊಳು. ಬೇಕರಿಯ ಯೂನಿಫಾರ್ಮಿನಲ್ಲೇ ಇದ್ದರು.

“ಬನ್ನಿ ಪದ್ಮಕ್ಕ, ಎಂತ ಚಳಿ ಮಾರಾಯ್ರೆ! ಅವ್ರು ಕೆಳಗೆ ಬೇಸ್‌ಮೆಂಟಲ್ಲಿದ್ದಾರೆ. ನಾನು ಕರೀತೇನೆ, ನೀವು ಇಲ್ಲೇ ಕೂತ್ಕೊಳ್ಳಿ.”

“ಬೇಡ ಕೊರಪ್ಪೊಳಕ್ಕ. ನಾವೇ ಇಳೀತೀವಿ.”

ಆಕೆ ದಾರಿಗೆ ಅಡ್ಡ ನಿಂತರು. ಅತ್ತಿಗೆ ಆಕೆಯ ಕೈ ಹಿಡಿದು, ಮೆಲ್ಲಗೆ ಒತ್ತಿ, ಪಕ್ಕದಿಂದ ದಾಟಿದರು. ಆಕೆಗೆ ಅಳು ಬಂದಂತಾಗಿದ್ದನ್ನು ನಾನು ನೋಡಿದೆ.

ಬೇಸ್‌ಮೆಂಟಿನ ಸೋಫಾ, ಟೀಪಾಯಿಗಳನ್ನು ಗೋಡೆಗೆ ಸರಿಸಿದ್ದರು. ನೆಲದ ಮೇಲೆ ಹಗ್ಗ ಎಳೆದು ಅಂಟಿಸಿ ವೇದಿಕೆಯ ಅಳತೆ ಮಾಡಿದ್ದರು. ನಡುವೆ ದೇರಣ್ಣ, ಎಪ್ಪತ್ತೊಂದು ವರ್ಷ, ಬರಿಗಾಲು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುತ್ತಿದ್ದರು.

“ಎಡಕ್ಕೆ ಐದು. ನೇರ ಮೂರು. ತಿರುಗು. ಬಲಕ್ಕೆ ಆರು.”

ಆರನೇ ಹೆಜ್ಜೆಗೆ ಅವರ ಕಾಲ್ಬೆರಳು ಸರಿಯಾಗಿ ಹಗ್ಗಕ್ಕೆ ತಾಗಿತು. ಅಲ್ಲೇ ನಿಂತು ತೋಳೆತ್ತಿದರು. ಊರಿನ ಮೇಳದಲ್ಲಿ ಹದಿನೇಳು ವರ್ಷ ವೇಷ ಕಟ್ಟಿ, ಈ ದೇಶಕ್ಕೆ ಬಂದು ಮೂವತ್ತು ವರ್ಷ ನಲ್ಲಿ ಮಾಡುವ ಫ್ಯಾಕ್ಟರಿಯಲ್ಲಿ ದುಡಿದ ತೋಳು ಅದು. ಎತ್ತಿದ ಕೂಡಲೇ ಆ ತಗ್ಗಿನ ಸೀಲಿಂಗು ಎತ್ತರವಾದಂತೆ ನನಗನಿಸಿತು.

“ಯಾರದು?” ಎಂದು ಬಟ್ಟೆ ಬಿಚ್ಚಿದರು. “ಓ, ಪದ್ಮಕ್ಕ! ಸತ್ಯಣ್ಣ! ಬನ್ನಿ, ಬನ್ನಿ.”

“ಜ್ವರ ಹೇಗಿದೆ ದೇರಣ್ಣನವರೆ?”

“ಈಗ ಪರವಾಗಿಲ್ಲ.”

ಅತ್ತಿಗೆ ಮಾತಾಡುತ್ತಲೇ ಅವರ ಬಲಬದಿಗೆ ಹೋದರು. ಬ್ಯಾಗಿನಿಂದ ಲೆನೋರಾಳ ಫೋಟೋ ತೆಗೆದು, ಅವರ ಭುಜದ ಪಕ್ಕದಲ್ಲಿ ಹಿಡಿದು ನಿಂತರು. ದೇರಣ್ಣ ನನ್ನನ್ನೇ ನೋಡುತ್ತಾ ನಗುತ್ತಿದ್ದರು. ಫೋಟೋ ಅವರ ಕೆನ್ನೆಯಿಂದ ಒಂದು ಗೇಣು ದೂರವಿತ್ತು. ಅವರು ತಿರುಗಲಿಲ್ಲ.

ಅತ್ತಿಗೆ ನಿಧಾನವಾಗಿ ಅದನ್ನು ಅವರ ಮುಖದ ಎದುರಿಗೆ ತಂದರು. ಆಗ ದೇರಣ್ಣ ಬೆಚ್ಚಿದರು.

“ಎಷ್ಟು ದಿನ ಆಯ್ತು?” ಎಂದರು ಅತ್ತಿಗೆ.

ಮೆಟ್ಟಿಲ ಮೇಲಿನಿಂದ ಕೊರಪ್ಪೊಳು ಹೇಳಿದರು: “ಎರಡು ವರ್ಷ, ಅಕ್ಕ. ಗ್ಲಾಕೋಮಾ ಅಂತೆ. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡಿದ್ದಾರೆ. ಡ್ರೈವಿಂಗ್ ಬಿಟ್ಟದ್ದು ದೀಪಾವಳಿಯಿಂದ.”

“ಎದುರಿನದ್ದು ಕಾಣ್ತದೆ,” ಎಂದರು ದೇರಣ್ಣ, ಸಣ್ಣ ದನಿಯಲ್ಲಿ. “ಓದ್ಲಿಕ್ಕೂ ಆಗ್ತದೆ. ಬದಿಯದ್ದು ಎಂತದೂ ಇಲ್ಲ. ಕೊಳವೆಯಲ್ಲಿ ಇಣುಕಿದ ಹಾಗೆ. ರಂಗದಲ್ಲಿ ಲೈಟು ಬಿದ್ರೆ ಅದೂ ಇಲ್ಲ.”

“ಅದಕ್ಕೇ ಪುಸ್ತಕ ತಗೊಂಡ್ರಾ?”

ಅವರು ನಿರಾಕರಿಸುತ್ತಾರೆ ಎಂದುಕೊಂಡಿದ್ದೆ.

“ಹೌದು,” ಎಂದರು ದೇರಣ್ಣ. “ಸೋಮವಾರ ಎಲ್ಲ ಹೋದ ಮೇಲೆ ತಗೊಂಡೆ. ಕೇಳದೆ ತೆಗ್ದದ್ದು ತಪ್ಪು, ಗೊತ್ತುಂಟು. ಆದ್ರೆ ಕೇಳಿದ್ರೆ ಯಾಕೆ ಅಂತ ಹೇಳ್ಬೇಕಲ್ಲ. ಕೃತಿ ಆ ಪಾತ್ರ ಬರ್ದದ್ದೇ ನನಗೆ. ಲೆನೋರಾಳಿಗೆ ವಿದ್ಯೆ ಕಲಿಸಿದ ಮುದುಕ. ನನ್ನ ಕಣ್ಣಿನ ಸಂಗತಿ ಗೊತ್ತಾದ್ರೆ ಆ ಮಗು ಶೋವೇ ನಿಲ್ಲಿಸ್ತದೆ. ನನ್ನನ್ನು ಬಿಟ್ಟು ಬೇರೆಯವ್ರನ್ನು ಹಾಕೋ ಜಾತಿ ಅಲ್ಲ ಅದು.”

“ಆ ನಂಬರುಗಳಿಂದ ನಿಮಗೇನು ಉಪಯೋಗ?”

ದೇರಣ್ಣನ ಮುಖ ಬೇರೆಯೇ ಆಯಿತು. ಅಪರಾಧಿಯ ಹಾಗೆ ಬಗ್ಗಿದ್ದ ಬೆನ್ನು ನೆಟ್ಟಗಾಯಿತು.

“ನಂಬರ್ ಅಲ್ಲ ಪದ್ಮಕ್ಕ! ಅವ್ರೆಲ್ಲ ಹೆಣಿಗೆ ಹೆಣಿಗೆ ಅಂತ ನಗಾಡ್ತಿದ್ರು. ಗಾಜಿನ ಹೊರಗಿಂದ ನೋಡಿದ್ದೇ ನನಗೆ ಗೊತ್ತಾಯ್ತು, ಅದು ಹೆಜ್ಜೆ. ಕುಣಿಯುವವನಿಗೆ ಗೊತ್ತಾಗದೆ ಇರ್ತದಾ? ಪುಟ ತಿರುಗಿಸಿದ್ರೆ ನಡು ನಡುವೆ ಒಂದೊಂದು ಸಾಲು. ‘ಕೆನ್ನೆಗೆ ಲೈಟಿನ ಬಿಸಿ ತಾಗಿದರೆ ಸರಿಯಾದ ಜಾಗ.’ ‘ಹಲಗೆಯ ಸಂದು ಹಿಮ್ಮಡಿಗೆ ಸಿಕ್ಕಿದರೆ ತಿರುಗು.’ ಎಂತಕ್ಕೆ ಬರೀತಾಳೆ ಹಾಗೆ? ಕಣ್ಣಿದ್ದವ್ರು ಯಾರಾದ್ರೂ ಕೆನ್ನೆಯಲ್ಲಿ ಜಾಗ ಹುಡುಕ್ತಾರಾ?”

ಅತ್ತಿಗೆ ನಿಧಾನಕ್ಕೆ ಸೋಫಾದ ಮೇಲೆ ಕುಳಿತರು.

“ಕುರುಡಿಯಾಗಿದ್ಲಾ?”

“ಕೊನೆಯ ಒಂದು ವರ್ಷ, ಪೂರ್ತಿ. ಊರೂರು ಹೋಗಿದ್ದಾಳೆ, ದಿನಾ ಆಡಿದ್ದಾಳೆ, ಎದುರು ಕೂತ ಒಬ್ಬನಿಗೆ ಗೊತ್ತಾಗ್ಲಿಲ್ಲ. ಪ್ರತಿ ಊರಿನ ಪ್ರತಿ ರಂಗಕ್ಕೂ ಹೆಜ್ಜೆ ಎಣಿಸಿ ಆ ಡ್ರೆಸ್ಸಿನ ಅಮ್ಮನ ಹತ್ರ ಬರೆಸಿದ್ದಾಳೆ. ನಾನು ಎರಡು ವರ್ಷದಿಂದ ಈ ಬೇಸ್‌ಮೆಂಟಲ್ಲಿ ಕೂತು ಇನ್ನು ನನ್ನ ಕಥೆ ಮುಗೀತು ಅಂತ ಅತ್ತದ್ದು. ಆ ಹೆಂಗಸು ಅರವತ್ತು ವರ್ಷದ ಹಿಂದೆಯೇ ದಾರಿ ಮಾಡಿಟ್ಟು ಹೋಗಿದ್ದಾಳೆ.”

ಗೋಡೆಯ ಬದಿಯ ಪೆಟ್ಟಿಗೆಯಿಂದ ಒಂದು ಎಕ್ಸರ್ಸೈಜ್ ಪುಸ್ತಕ ತಂದರು. ಪುಟಪುಟವೂ ದಪ್ಪ ಅಕ್ಷರದಲ್ಲಿ ನಕಲು ಮಾಡಿದ್ದರು, ಇಂಗ್ಲಿಷು ಇಂಗ್ಲಿಷಿನಂತೆಯೇ. ಕೊನೆಯ ಪುಟ ತೆಗೆದು ಅತ್ತಿಗೆಯ ಮುಂದೆ ಹಿಡಿದರು.

“ಇದು ಮಾತ್ರ ಅವಳೇ ಬರ್ದದ್ದು. ಅಕ್ಷರ ಒಂದರ ಮೇಲೊಂದು ಹತ್ತಿತ್ತು, ಗೆರೆ ಮೇಲೆ ಇರ್ಲಿಲ್ಲ. ಟೊರಾಂಟೋದ ಕೊನೆ ದಿನದ್ದು. ಓದಿ.”

ಅತ್ತಿಗೆ ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ನನಗೆ ಹೇಳಿದರು: “‘ಇವತ್ತು ತಪ್ಪಿಲ್ಲ.’”

“ನಲವತ್ತಾರು ವರ್ಷದಲ್ಲಿ ಒಂದೇ ಸಲ,” ಎಂದರು ದೇರಣ್ಣ. “ಅಷ್ಟು ಬರ್ದು ಇಳಿದು ಹೋದ್ಲು. ನನ್ನ ಗುರುಗಳಿದ್ದಿದ್ರೆ ಅವಳ ಕಾಲಿಗೆ ಬೀಳ್ತಿದ್ರು. ನನಗೆ ಕೊಡ್ಲಿಕ್ಕೆ ಎಂತ ಉಂಟು? ಒಂದು ವೀಳ್ಯ ಇಟ್ಟೆ.”

ನನ್ನ ಕಣ್ಣು ತುಂಬಿತ್ತು. ಗಡಿಯಾರ ನೋಡಿದೆ, ಎರಡೂಕಾಲು. ಐದಕ್ಕೆ ಇನ್ನೂ ಸಮಯವಿದೆ, ಕ್ಲೈನ್‌ಬರ್ಗಿಗೆ ಇಪ್ಪತ್ತು ನಿಮಿಷ. ಕೇಸು ಮುಗಿಯಿತು, ಹುಡುಗಿ ಉಳಿದಳು ಎಂದು ಮನಸ್ಸು ಹಗುರವಾಯಿತು.

“ದೇರಣ್ಣನವರೆ, ಕೃತಿಗೆ ನೀವೇ ಎಲ್ಲ ಹೇಳ್ಬೇಕು,” ಎಂದರು ಅತ್ತಿಗೆ, ಏಳುತ್ತಾ. “ನಾಳೆ ಆಡ್ತೀರೋ ಇಲ್ವೋ ನೀವಿಬ್ರೂ ಕೂತು ಮಾತಾಡಿ. ಈಗ ಪುಸ್ತಕ ಕೊಡಿ. ಡೊರತಿ ಅಮ್ಮನ ಕೈಗೆ ನಾನೇ ಮುಟ್ಟಿಸ್ತೀನಿ.”

“ಪುಸ್ತಕವಾ?” ದೇರಣ್ಣ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಎದುರಿಗೆ ತಂದುಕೊಂಡು ನೋಡಿದರು. “ಅದು ಅಲ್ಲೇ ಉಂಟಲ್ಲ, ಹಾಲಿನಲ್ಲಿ.”

“ಎಲ್ಲಿ?”

“ಗಾಜಿನ ಪೆಟ್ಟಿಗೆಯೊಳಗೆ. ಬುಧವಾರ ಬೆಳಿಗ್ಗೆ ಎಂಟಕ್ಕೇ ವಾಪಸ್ ಇಟ್ಟೆನಲ್ಲ! ಇವಳೇ ಕಾರಲ್ಲಿ ಬಿಟ್ಟದ್ದು. ಪುಸ್ತಕ ಒಳಗಿಟ್ಟು, ಬೀಗ ಹಾಕಿ, ಕೀ ಮೊಳೆಗೆ ಸಿಕ್ಕಿಸಿ, ಪೆಟ್ಟಿಗೆಯ ಎದುರು ವೀಳ್ಯ ಇಟ್ಟು ಬಂದೆ. ಯಾಕೆ, ಎಂತ ಆಯ್ತು?”

ಮೆಟ್ಟಿಲ ಮೇಲೆ ಕೊರಪ್ಪೊಳು ಹೌದೆಂದು ತಲೆಯಾಡಿಸುತ್ತಿದ್ದರು. ಈ ಮನೆಗೆ ಕಳ್ಳತನದ ಸುದ್ದಿಯೇ ಮುಟ್ಟಿರಲಿಲ್ಲ. ಜ್ವರದ ಮನುಷ್ಯನಿಗೆ ಯಾಕೆ ಗಾಬರಿ ಎಂದು ಯಾರೂ ಹೇಳಿರಲಿಲ್ಲ.

“ಹಾಗಾದ್ರೆ ಬುಧವಾರ ಎಂಟರಿಂದ ಮಧ್ಯಾಹ್ನದೊಳಗೆ ಬೇರೆ ಯಾರೋ ತೆಗ್ದಿದಾರೆ,” ಎಂದರು ಅತ್ತಿಗೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಕೃತಿ. ಅತ್ತಿಗೆ ಸ್ಪೀಕರಿಗೆ ಹಾಕಿದರು.

“ಆಂಟಿ, ನೀವು ಇನ್ನು ಹುಡುಕ್ಬೇಡಿ, ಪ್ಲೀಸ್.” ದನಿ ಸ್ಥಿರವಾಗಿತ್ತು, ಕಲಿತು ಹೇಳಿದ ಮಾತಿನಷ್ಟು ಸ್ಥಿರ. “ನಾನು ಕ್ಲೈನ್‌ಬರ್ಗಲ್ಲಿದೀನಿ, ಡೊರತಿ ಮನೇಲಿ. ಗ್ಲೆನ್ನಿಗೆ ಹೇಳ್ದೆ. ಐ ಟೋಲ್ಡ್ ಹಿಮ್ ಐ ಸ್ಟೋಲ್ ಇಟ್. ಬರ್ದು ಸೈನ್ ಮಾಡಿ ಕೊಟ್ಟಿದೀನಿ. ಪೊಲೀಸ್ ಬಂದಿದಾರೆ, ಹೊರಗೆ ನಿಂತಿದಾರೆ.”

“ಕೃತಿ! ಯಾಕೆ ಹೀಗೆ ಮಾಡ್ದೆ?”

“ವೀಳ್ಯ ನೋಡಿದ ಕೂಡ್ಲೇ ಗೊತ್ತಾಯ್ತು ಆಂಟಿ. ಹಾಗೆ ಇಡೋರು ಒಬ್ರೇ. ಅವರಿಗೆ ಸೆವೆಂಟಿ ಒನ್. ಪೊಲೀಸ್ ಅವರನ್ನ ಕ್ವೆಶ್ಚನ್ ಮಾಡೋದನ್ನ ನಂಗೆ ನೋಡೋಕಾಗಲ್ಲ. ಶೋ ಹೋದ್ರೆ ಹೋಗ್ಲಿ. ಯಾಕೆ ತಗೊಂಡ್ರೋ, ಆ ಕಾರಣ ಅವರ ಹತ್ರಾನೇ ಇರ್ಲಿ, ಕೇಳ್ಬೇಡಿ.”

ದೇರಣ್ಣ ತಡಕಾಡುತ್ತಾ ಫೋನಿನ ಹತ್ತಿರ ಬಂದರು. ಕಾಲು ಟೀಪಾಯಿಗೆ ಬಡಿದದ್ದೂ ಅವರಿಗೆ ತಿಳಿಯಲಿಲ್ಲ.

“ಮಗಾ, ಎಂತ ಮಾಡಿದ್ದು ನೀನು? ಪುಸ್ತಕ ನನ್ನ ಹತ್ರ ಇಲ್ಲ. ನಾನು ಬುಧವಾರವೇ ವಾಪಸ್ ಇಟ್ಟಿದ್ದೇನೆ!”

ಆ ಕಡೆ ಬಾಗಿಲು ತೆರೆದ ಸದ್ದು, ಯಾರೋ ಗಂಡಸಿನ ಗಟ್ಟಿ ಇಂಗ್ಲಿಷು, ಆಮೇಲೆ ಕೃತಿಯ ಉಸಿರು ಮಾತ್ರ.

“ಗುರುಗಳೇ,” ಎಂದಳು. ಈಗ ಆ ದನಿ ಎಂಟು ವರ್ಷದ ಹುಡುಗಿಯದಾಗಿತ್ತು. “ಹಾಗಾದ್ರೆ ನಾನು ಯಾರನ್ನ ಕಾಪಾಡೋಕೆ ಸೈನ್ ಮಾಡ್ದೆ?”

ಯಾರೋ ಫೋನು ಕಿತ್ತುಕೊಂಡರು.